ಬಾಂಬೆಗೆ ಹೋದವರ ಲೆಕ್ಕ ಯಾರ ಪುಸ್ತಕದಲ್ಲಿದೆ?

2020ರ ಮೇ 19ರಂದು ಕರ್ನಾಟಕದಲ್ಲಿ 149 ಕೋವಿಡ್ ಪ್ರಕರಣಗಳು ಪತ್ತೆಯಾದವು. ಅವುಗಳಲ್ಲಿ 71 ಮಂಡ್ಯ ಜಿಲ್ಲೆಯವು. ಸೋಂಕು ತಗುಲಿದವರಲ್ಲಿ ಹೆಚ್ಚಿನವರು ಮುಂಬೈಯಿಂದ ಊರಿಗೆ ಮರಳಿದವರು, ಅದರಲ್ಲೂ ಕೆ.ಆರ್.ಪೇಟೆ ತಾಲ್ಲೂಕಿನವರು. ಈ ತಾಲ್ಲೂಕಿನಿಂದ ಸುಮಾರು ಸಾವಿರ ಕಿ.ಮೀ. ದೂರದ ಬಾಂಬೆಗೆ ದುಡಿಯಲು ಹೋಗುವುದು ದಶಕಗಳ ರೂಢಿ. ಆದರೂ ಅವರು ಎಷ್ಟು ಜನ ಎಂಬ ಪ್ರಶ್ನೆ ಸರ್ಕಾರಕ್ಕೆ ಎದುರಾದದ್ದು ಕ್ವಾರಂಟೈನ್ ಹಾಸ್ಟೆಲುಗಳು ತುಂಬತೊಡಗಿದಾಗ. ಮಹಾರಾಷ್ಟ್ರವೂ ಸೇರಿ ನಾಲ್ಕು ರಾಜ್ಯಗಳಿಂದ ಬರುವವರಿಗೆ ಮೇ 31ರ ತನಕ ಪ್ರವೇಶವಿಲ್ಲ ಎಂದು ಮೇ 18ರಂದಷ್ಟೇ ರಾಜ್ಯ ಪ್ರಕಟಿಸಿತ್ತು.

ತಯಾರಿಯ ಲೆಕ್ಕ

100 ಮಂದಿಯನ್ನು 14 ದಿನ ಹಾಸ್ಟೆಲಿನಲ್ಲಿಟ್ಟರೆ, ಮೂರು ಹೊತ್ತಿನಂತೆ 4,200 ಊಟ-ತಿಂಡಿ ಬೇಕು. ಬರುವವರ ಸಂಖ್ಯೆ ಮೊದಲೇ ಗೊತ್ತಿದ್ದರೆ ಇದು ಅಡುಗೆಮನೆಯ ಕೆಲಸ. ಗೊತ್ತಿಲ್ಲದಿದ್ದರೆ ಜಿಲ್ಲಾಡಳಿತಕ್ಕೆ ಸಂಕಟ.

ಕಾಯ್ದೆಯ ಅಳತೆ

1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆ ಅನ್ವಯವಾಗುತ್ತಿದ್ದುದು ಗುತ್ತಿಗೆದಾರನ ಮೂಲಕ ಬಂದ 5 ಅಥವಾ ಹೆಚ್ಚು ವಲಸೆ ಕಾರ್ಮಿಕರಿದ್ದ ಕಡೆ. ಸೋದರಮಾವನ ಮಾತು ನಂಬಿ ರೈಲು ಹತ್ತಿ, ಹೋಟೆಲಿನಲ್ಲಿ ತಟ್ಟೆ ತೊಳೆಯಲು ನಿಂತ ಹುಡುಗನಿಗೆ ಅದು ದಕ್ಕಲಿಲ್ಲ. ಆ ಕಾಯ್ದೆಯ ಜಾಗಕ್ಕೆ ಬಂದ 2020ರ ಕಾರ್ಮಿಕ ಸಂಹಿತೆ ತಾವಾಗಿಯೇ ಹೋದವರನ್ನೂ ಒಳಗೊಂಡಿತು. ಆದರೆ ಮಿತಿಯನ್ನು 10ಕ್ಕೆ ಏರಿಸಿತು. ಸ್ವಂತ ಆಟೊ ಓಡಿಸುವವನಿಗಂತೂ ಮಾಲೀಕನೇ ಇಲ್ಲ.

ಅಕ್ಕಿಯ ಲೆಕ್ಕ

2020ರ ಜನವರಿಯಲ್ಲೇ ಕರ್ನಾಟಕ, ಮಹಾರಾಷ್ಟ್ರ ಸೇರಿ 12 ರಾಜ್ಯಗಳ ನಡುವೆ ರೇಷನ್ ಕಾರ್ಡ್ ಎಲ್ಲಿ ಬೇಕಾದರೂ ನಡೆಯುವಂತಾಯಿತು. ಊರಿನ ಆದ್ಯತಾ ಕಾರ್ಡ್ ಇದ್ದವರು ಮುಂಬೈಯ ನ್ಯಾಯಬೆಲೆ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತಿದರೆ ಕೇಂದ್ರದ ಪಾಲು, ತಲೆಗೆ 5 ಕೆ.ಜಿ. ಧಾನ್ಯ ಸಿಗುತ್ತದೆ. ಕರ್ನಾಟಕ ಸೇರಿಸಿ ಕೊಡುವ ಪಾಲು ಅಲ್ಲಿನ ಅಂಗಡಿಯಲ್ಲಿ ಸಿಗದು. 2023ರಲ್ಲಿ ರಾಜ್ಯವೇ ಹೆಚ್ಚುವರಿ 5 ಕೆ.ಜಿ.ಗೆ ಕಟ್ಟಿದ ಬೆಲೆ 170 ರೂಪಾಯಿ. ಆ ದರದಲ್ಲಿ ನಾಲ್ವರ ಮನೆಗೆ ತಿಂಗಳಿಗೆ 680, ವರ್ಷಕ್ಕೆ 8,160 ರೂಪಾಯಿ. ಬಾಡಿಗೆ ಕೋಣೆಯ ಸಂಸಾರಕ್ಕೆ ಇದು ಸಣ್ಣ ಮೊತ್ತವಲ್ಲ.

ಕಾಯ್ದೆಯಾಚೆಗಿನ ದಾರಿ

ಗಡಿಯಾಚೆ ಕಾರ್ಡ್ ನಡೆದದ್ದು ಹೊಸ ಕಾಯ್ದೆಯಿಂದಲ್ಲ, ರಾಜ್ಯಗಳ ಕಡತಗಳನ್ನು ಜೋಡಿಸಿದ್ದರಿಂದ. ಇಟ್ಟಿಗೆ ಗೂಡಿನ ಕಾರ್ಮಿಕರಿಗಾಗಿ ಒಡಿಶಾ ಮತ್ತು ಆಂಧ್ರದ ಕಾರ್ಮಿಕ ಇಲಾಖೆಗಳು 2012ರಲ್ಲಿ ಒಪ್ಪಂದ ಮಾಡಿಕೊಂಡವು. ಕೇರಳ 2017ರಲ್ಲಿ ‘ಆವಾಜ್’ ಯೋಜನೆಯಡಿ ಹೊರರಾಜ್ಯದ ದುಡಿಮೆಗಾರರಿಗೆ 15,000 ರೂಪಾಯಿ ಚಿಕಿತ್ಸೆ, ಅಪಘಾತದಲ್ಲಿ ಸತ್ತರೆ ಕುಟುಂಬಕ್ಕೆ 2 ಲಕ್ಷ ರೂಪಾಯಿ ಕೊಡಲು ಮುಂದಾಯಿತು.

ಕೆ.ಆರ್.ಪೇಟೆ, ಪಕ್ಕದ ನಾಗಮಂಗಲ ತಾಲ್ಲೂಕುಗಳಿಗೆ ಬೇಕಾದದ್ದೂ ಇಂಥದ್ದೇ. ಪಂಚಾಯಿತಿ, ಪುರಸಭೆಗಳಲ್ಲಿ ಹೋದವರ ಹೆಸರು, ಕೆಲಸ, ಫೋನ್ ಬರೆದಿಡುವ ಒಂದು ವಹಿ. ಮುಂಬೈಯಲ್ಲಿ ಕನ್ನಡದಲ್ಲಿ ದೂರು ಕೇಳುವ ಒಬ್ಬ ಅಧಿಕಾರಿ. ಕರ್ನಾಟಕ, ಮಹಾರಾಷ್ಟ್ರದ ಕಾರ್ಮಿಕ ಇಲಾಖೆಗಳ ನಡುವೆ ಆರು ತಿಂಗಳಿಗೊಂದು ಸಭೆ. ಇವುಗಳನ್ನು ಶುರುಮಾಡಲು ವಿಧಾನಸಭೆಯಲ್ಲಿ ಮಸೂದೆ ಮಂಡಿಸುವ ಅಗತ್ಯವಿಲ್ಲ. ಜಿಲ್ಲಾಧಿಕಾರಿಯ ಸುತ್ತೋಲೆಯಿಂದ ಆ ವಹಿ ಈ ವರ್ಷವೇ ತೆರೆಯಲಿ.