ಬೆಕ್ಕಿನಾಟದಲ್ಲಿ ಅಡಗಿರುವ ಇಮ್ಮಡಿಯ ಗಣಿತ

ಕಳೆದ ಬೇಸಿಗೆಯ ರಜೆಯಲ್ಲಿ ಮೊಮ್ಮಗಳು ನಮ್ಮಲ್ಲಿಗೆ ಬಂದಿದ್ದಳು. ಮೂರನೆಯ ತರಗತಿ ಮುಗಿಸಿದ ಬಾಲಿಕೆ. ಗಣಿತವೆಂದರೆ ಅವಳಿಗೆ ಅಳು. ಮಗ್ಗಿ ಹೇಳೆಂದರೆ ಅಡುಗೆಮನೆಗೆ ಓಡುವಳು. ಆದರೆ ತಾಯಿಯ ಮೊಬೈಲ್ ಕೈಗೆ ಬಂದಿತೆಂದರೆ ಬೆಕ್ಕಿನ ಚಿತ್ರಗಳ ಒಂದು ಆಟದಲ್ಲಿ ಹೊತ್ತು ಮರೆತು ಕುಳಿತಿರುವಳು. ಒಂದು ಮಧ್ಯಾಹ್ನ ನಾನು ಗದರಿಸಿಯೇ ಬಿಟ್ಟೆ.

"ಅಜ್ಜಾ, ಒಂದ್ಸಲ ನೋಡ್ರಿ. ಒಂದೇ ನಮೂನಿ ಎರಡು ಬೆಕ್ಕು ಕೂಡಿದ್ರ ಬ್ಯಾರೆ ಬೆಕ್ಕು ಆಗ್ತದ" ಎನ್ನುತ್ತ ಪಕ್ಕಕ್ಕೆ ಬಂದು ಕುಳಿತಳು. ನೋಡಿದ ಮೇಲೆ, ಅರಿಯದೆ ಗದರಿದೆನಲ್ಲಾ ಎಂದು ನನಗೇ ಸಂಕೋಚವಾಯಿತು.

ಅದು 2048 ಎಂಬ ಪ್ರಸಿದ್ಧ ಸಂಖ್ಯಾಕ್ರೀಡೆ. ಅದಕ್ಕೆ ಬೆಕ್ಕಿನ ವೇಷ ತೊಡಿಸಿದ್ದಾರೆ, ಅಷ್ಟೆ. ಅಡ್ಡಕ್ಕೆ ನಾಲ್ಕು, ಉದ್ದಕ್ಕೆ ನಾಲ್ಕು, ಒಟ್ಟು ಹದಿನಾರು ಮನೆಗಳು. ಬೆರಳಿನಿಂದ ಯಾವ ದಿಕ್ಕಿಗೆ ಸವರಿದರೆ ಆ ದಿಕ್ಕಿಗೆ ಬಿಲ್ಲೆಗಳೆಲ್ಲ ಜಾರುತ್ತವೆ. ಸಮಾನವಾದ ಎರಡು ಬಿಲ್ಲೆಗಳು ತಾಗಿದರೆ ಒಂದಾಗಿ ಇಮ್ಮಡಿಸುತ್ತವೆ: 2 ಮತ್ತು 2 ಸೇರಿ 4, 4 ಮತ್ತು 4 ಸೇರಿ 8. ಪ್ರತಿ ನಡೆಯ ಬಳಿಕ ಬರಿದಾದ ಮನೆಯೊಂದರಲ್ಲಿ ಹೊಸ ಬಿಲ್ಲೆ ಮೂಡುತ್ತದೆ; ಹತ್ತರಲ್ಲಿ ಒಂಬತ್ತು ಪಾಲು ಅದು 2, ಒಂದು ಪಾಲು 4. ಮನೆಗಳೆಲ್ಲ ತುಂಬಿ, ಕೂಡುವ ಜೋಡಿಯೇ ಇಲ್ಲವಾದರೆ ಆಟ ಮುಗಿಯಿತು.

ಇದರ ಹುಟ್ಟಿನ ವೃತ್ತಾಂತವೂ ಕೇಳತಕ್ಕದ್ದಾಗಿದೆ. ಏಷರ್ ವಾಲ್ಮರ್ ಮತ್ತು ಗ್ರೆಗ್ ವೋಲ್‌ವೆಂಡ್ ಎಂಬುವರು ಸುಮಾರು ಹದಿನಾಲ್ಕು ತಿಂಗಳು ಶ್ರಮಿಸಿ 2014ರ ಫೆಬ್ರವರಿಯಲ್ಲಿ 'ಥ್ರೀಸ್' ಎಂಬ ಆಟವನ್ನು ಹೊರತಂದರು. ಅಲ್ಲಿ 1 ಮತ್ತು 2 ಕೂಡಿ 3. ಮುಂದೆ 6, 12, 24. ಸಂಖ್ಯೆಯ ಬಿಲ್ಲೆಗಳಿಗೆ ಕಣ್ಣು ಬಾಯಿ ಇಟ್ಟವರೂ ಇವರೇ. ಕೆಲವೇ ವಾರಗಳಲ್ಲಿ ಅದರ ಅನುಕರಣೆಗಳು ಹುಟ್ಟಿಕೊಂಡವು. ಅಂಥ ಆಟಗಳನ್ನು ಕಂಡ ಗೇಬ್ರಿಯಲೆ ಚಿರುಲ್ಲಿ ಎಂಬ ಹತ್ತೊಂಬತ್ತರ ಇಟಲಿಯ ತರುಣನು ಅದೇ ವರ್ಷದ ಮಾರ್ಚಿಯಲ್ಲಿ, ವಾರಾಂತ್ಯದ ಬಿಡುವಿನಲ್ಲಿ, 2048ನ್ನು ರಚಿಸಿದನು. ಒಂದು ವಾರ ತುಂಬುವುದರೊಳಗೆ ನಲವತ್ತು ಲಕ್ಷಕ್ಕೂ ಹೆಚ್ಚು ಜನ ಅದನ್ನು ನೋಡಿದ್ದರು. ಕಲ್ಪನೆ ಸಂಪೂರ್ಣ ತನ್ನದಲ್ಲವೆಂದು ಬಗೆದ ಅವನು ಆಟವನ್ನು ಉಚಿತವಾಗಿಯೇ ಇಟ್ಟು, ಅದರ ರಚನಾಸೂತ್ರವನ್ನೂ ಎಲ್ಲರಿಗೂ ತೆರೆದನು. ನಾಯಿ, ಬೆಕ್ಕುಗಳ ರೂಪಾಂತರಗಳು ಬಂದುದು ಹೀಗೆ. ಆದರೆ ಮೂಲ ಶ್ರಮಿಕರಿಬ್ಬರಿಗೆ ನೋವಾಯಿತು. ತಾವು ಹದಿನಾಲ್ಕು ತಿಂಗಳು ತಿದ್ದಿದುದನ್ನು ಲೋಕವು ಎರಡು ದಿನದ ಕೃತಿಯ ಹೆಸರಿನಿಂದ ಕರೆಯಿತಲ್ಲಾ ಎಂಬುದು ಸಣ್ಣ ದುಃಖವೇನಲ್ಲ. ತರುಣನನ್ನು ನಾನು ದೂಷಿಸಲಾರೆ. ಆದರೂ ನನ್ನ ಮನಸ್ಸು ಆ ಇಬ್ಬರ ಕಡೆಗೇ ವಾಲುತ್ತದೆ.

ಇನ್ನು ಗಣಿತ. ಎರಡನ್ನು ಹತ್ತು ಸಲ ಇಮ್ಮಡಿಸಿದರೆ 2048. ಎಂದರೆ ಹನ್ನೊಂದನೆಯ ಬೆಕ್ಕು ಮೂಡುವವರೆಗೆ ಹನ್ನೊಂದೇ ಮೆಟ್ಟಿಲು! ಆದರೆ ಹೊಸ ಬಿಲ್ಲೆಗಳ ಬೆಲೆ ಸರಾಸರಿ 2.2 ಆಗಿರುವುದರಿಂದ ಅಲ್ಲಿಗೇರಲು ಒಂಬೈನೂರಕ್ಕೂ ಮಿಕ್ಕಿ ನಡೆಗಳು ಬೇಕಾಗುತ್ತವೆ. ದೊಡ್ಡ ಬಿಲ್ಲೆಯನ್ನು ಒಂದು ಮೂಲೆಯಲ್ಲಿರಿಸಿ ಕದಲಿಸದಿರುವುದೇ ಜಾಣತನ. ಅದು ನಡುವೆ ನಿಂತರೆ ಚಿಕ್ಕವು ಒಂದನ್ನೊಂದು ಸೇರಲಾರವು. ಹದಿನಾರು ಮನೆಗಳಲ್ಲಿ ಸಾಧ್ಯವಾಗುವ ಅತಿ ದೊಡ್ಡ ಸಂಖ್ಯೆ 1,31,072.

ಮೊಮ್ಮಗಳ ಆಟದಲ್ಲಿದ್ದ ಕೊರತೆ ಒಂದೇ. ಅಲ್ಲಿ ಅಂಕಿಗಳೇ ಇರಲಿಲ್ಲ. ಹಳದಿ ಬೆಕ್ಕು, ಬೂದು ಬೆಕ್ಕು, ಟೊಪ್ಪಿಗೆಯ ಬೆಕ್ಕು ಮಾತ್ರ. ಮಗು ಬಣ್ಣ ನೋಡಿ ಕೂಡಿಸುತ್ತಿತ್ತೇ ಹೊರತು ಲೆಕ್ಕ ನೋಡಿ ಅಲ್ಲ. ಇಂಥ ಆಟ ಆಡಿದೊಡನೆ ಗಣಿತ ಬರುತ್ತದೆಂದು ನಂಬುವ ತಾಯಂದಿರು ಇದನ್ನು ಗಮನಿಸಬೇಕು. ನಾನೊಂದು ಹಾಳೆ ತಂದು ಹನ್ನೊಂದು ಬೆಕ್ಕುಗಳನ್ನು ಅವಳಿಂದಲೇ ಬರೆಯಿಸಿದೆ. ನನ್ನ ಪ್ರಶ್ನೆ ಇಷ್ಟೇ: ಮೊದಲನೆಯದು ಒಂದು ಮರಿಯಾದರೆ ಪ್ರತಿಯೊಂದರ ಹೊಟ್ಟೆಯಲ್ಲಿ ಎಷ್ಟು ಮರಿಗಳಿವೆ?

ಐದನೆಯದಕ್ಕೆ ಹದಿನಾರು ಎಂದು ಕೂಡಲೇ ಹೇಳಿದಳು. ಏಳನೆಯದಕ್ಕೆ ಬೆರಳು ಸಾಲದೆ ಬಳಪ ಹಿಡಿದಳು. ಒಂಬತ್ತರಲ್ಲಿ ತಪ್ಪಿದಳು, ಅತ್ತಳು, ಹಾಳೆಯನ್ನು ಮಡಿಚಿಟ್ಟು ಹೊರಗೆ ಹೋದಳು. ನಾನು ಒತ್ತಾಯಿಸಲಿಲ್ಲ. ರಾತ್ರಿ ಊಟಕ್ಕೆ ಕುಳಿತಾಗ, ಯಾರೂ ಕೇಳದಿರುವಾಗಲೇ, ತುತ್ತು ಬಾಯಲ್ಲಿಟ್ಟುಕೊಂಡು ಹೇಳಿದಳು: "ಅಜ್ಜಾ, ಕಡೀ ಬೆಕ್ಕಿನೊಳಗ ಸಾವಿರದ ಇಪ್ಪತ್ತನಾಕು ಮರಿ ಅದಾವ್ರಿ."