ಮಲಗುವ ಕೋಣೆಯ ಪರದೆ: ಅಳತೆ ತೆಗೆಯುವ ಮುನ್ನ ಕೇಳಬೇಕಾದ ಪ್ರಶ್ನೆ

ಪರದೆ ಬಟ್ಟೆಯ ವ್ಯಾಪಾರದಲ್ಲಿ ತೊಡಗಿರುವ ವರ್ತಕ ಬಂಧುಗಳಿಗೆ ಗ್ರಾಹಕರ ಮೊದಲ ಪ್ರಶ್ನೆಗಳು ಚಿರಪರಿಚಿತ. ಗೋಡೆಯ ಬಣ್ಣಕ್ಕೆ ಒಪ್ಪುವುದೇ, ಚದರ ಅಡಿಗೆ ಎಷ್ಟು ಬೀಳುವುದು, ಒಗೆದರೆ ಬಣ್ಣ ಬಿಡುವುದೇ ಎಂಬುವು. ಇವಕ್ಕೆ ಉತ್ತರ ಹೇಳಿ ಅಳತೆ ತೆಗೆಯಲು ಆಳನ್ನು ಕಳುಹಿಸುವುದು ರೂಢಿ. ಆ ಕೋಣೆಯಲ್ಲಿ ಮಲಗುವವರು ಯಾರೆಂದು ಅಂಗಡಿಯವರು ಕೇಳುವುದಿಲ್ಲ, ಗ್ರಾಹಕರೂ ಹೇಳುವುದಿಲ್ಲ.

ಕೆಲವು ವರ್ಷಗಳ ಹಿಂದೆ ಈ ಲೇಖಕನ ಅಂಗಡಿಯಿಂದ ಒಂದು ಮನೆಗೆ ರೋಲರ್ ಬ್ಲೈಂಡುಗಳು ಹೋಗಿದ್ದವು. ಬಟ್ಟೆ ಓರೆಯಾಗಿ ಸುತ್ತಿಕೊಳ್ಳುತ್ತಿದೆಯೆಂಬ ದೂರು ಬಂದುದರಿಂದ ಸ್ವತಃ ಹೋಗಿ ನೋಡಿದೆ. ಬ್ಲೈಂಡನ್ನು ಏರಿಸಿ ಇಳಿಸುವ ಮಣಿಸರಪಣಿಯ ತುದಿಯನ್ನು, ಕೈಗೆ ಸುಲಭವಾಗಿ ಸಿಗಲೆಂದು, ಮಗುವಿನ ಮಂಚದ ಕಂಬಿಗೆ ಸಿಕ್ಕಿಸಿದ್ದರು. ಮಗುವಿಗೆ ಆಗ ಹತ್ತು ತಿಂಗಳು. ಸರಪಣಿಯನ್ನು ಗೋಡೆಗೆ ಬಿಗಿದಿಡುವ ಪ್ಲಾಸ್ಟಿಕ್ ಹಿಡಿಕೆ ಬ್ಲೈಂಡಿನ ಪೆಟ್ಟಿಗೆಯಲ್ಲಿಯೇ ಬಂದಿತ್ತು. ಹೊಸ ಗೋಡೆಗೆ ಇನ್ನೆರಡು ತೂತು ಏಕೆಂದು ನಮ್ಮ ಕೆಲಸಗಾರನು ಅದನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಬಂದಿದ್ದನು. ತಪ್ಪು ಆ ತಾಯಿಯದಲ್ಲ, ನಮ್ಮದು. ಅನಾಹುತವೇನೂ ಆಗಿರಲಿಲ್ಲವೆಂಬುದು ನಮ್ಮ ಪುಣ್ಯ.

ನೇತಾಡುವ ದಾರ ಅಥವಾ ಸರಪಣಿ ಎಳೆಯ ಮಕ್ಕಳಿಗೆ ಉರುಳಾಗುವುದು ಊಹೆಯ ಮಾತಲ್ಲ. ಮಗುವಿನ ದೇಹಕ್ಕೆ ಹೋಲಿಸಿದರೆ ತಲೆಯ ಭಾರ ಹೆಚ್ಚು, ಕುತ್ತಿಗೆಯ ಸ್ನಾಯುಗಳು ಬಲಿತಿರುವುದಿಲ್ಲ. ಮಂಚದಲ್ಲಿ ಎದ್ದು ನಿಂತ ಮಗುವಿನ ಕೊರಳಿಗೆ ಕುಣಿಕೆ ಸಿಕ್ಕಿ ಕಾಲು ಜಾರಿದರೆ ಅದು ತಾನಾಗಿ ಬಿಡಿಸಿಕೊಳ್ಳಲಾರದು, ಕೂಗಲೂ ಆರದು. ಒಂದು ನಿಮಿಷದೊಳಗೇ ಪ್ರಾಣಾಪಾಯ ಸಂಭವಿಸಬಹುದು. ಪಕ್ಕದ ಅಡುಗೆಮನೆಯಲ್ಲಿರುವ ತಾಯಿಗೂ ಸದ್ದು ಕೇಳಿಸದು.

ಅಮೆರಿಕದ ಬ್ಲೈಂಡ್ ಉದ್ಯಮವು ಇದಕ್ಕೆ ತೆತ್ತ ಬೆಲೆಯನ್ನು ನಮ್ಮ ತಯಾರಕರು ತಿಳಿದಿರುವುದು ಒಳಿತು. ವೆನೀಷಿಯನ್ ಬ್ಲೈಂಡಿನ ಪಟ್ಟಿಗಳ ನಡುವಿನ ಒಳದಾರವನ್ನು ಮಕ್ಕಳು ಎಳೆದರೆ ಕುಣಿಕೆಯಾಗುವುದೆಂದು ಕಂಡುಬಂದ ಮೇಲೆ, 2000ದ ನವೆಂಬರಿನಲ್ಲಿ ಸುಮಾರು 8.5 ಕೋಟಿ ಬ್ಲೈಂಡುಗಳನ್ನು ದುರಸ್ತಿಗಾಗಿ ಹಿಂದಕ್ಕೆ ಕರೆಯಲಾಯಿತು. 2009ರ ಡಿಸೆಂಬರಿನಲ್ಲಿ ರೋಮನ್ ಬ್ಲೈಂಡು ಮತ್ತು ಸುತ್ತಿ ಮೇಲೇರಿಸುವ ಬ್ಲೈಂಡುಗಳ ಸರದಿ. ಅವು 5 ಕೋಟಿಗೂ ಹೆಚ್ಚು. 2018ರ ಡಿಸೆಂಬರ್ 15ರಿಂದ ಅಲ್ಲಿ ಸಿದ್ಧ ಅಳತೆಯ ಬ್ಲೈಂಡುಗಳು ಬಹುಮಟ್ಟಿಗೆ ದಾರರಹಿತವಾಗಿರಬೇಕೆಂಬ, ಇಲ್ಲವೇ ದಾರವು ಕೈಗೆಟುಕದಂತಿರಬೇಕೆಂಬ ಮಾನಕ ಜಾರಿಗೆ ಬಂದಿತು. 2024ರ ಜೂನ್ 1ರಿಂದ ಅಳತೆಗೆ ತಕ್ಕಂತೆ ಮಾಡಿಕೊಡುವ ಹೆಚ್ಚಿನ ಬ್ಲೈಂಡುಗಳಿಗೂ ಮಾನಕ ಬಿಗಿಯಾಯಿತು. ಕೆನಡಾ 2019ರಲ್ಲಿ ಪ್ರಕಟಿಸಿದ ನಿಯಮ ಇನ್ನೂ ಸ್ಪಷ್ಟ. ಮಗುವಿನ ಕೈಗೆ ಸಿಗುವ ದಾರ 22 ಸೆಂಟಿಮೀಟರ್ ಮೀರಬಾರದು, ಕುಣಿಕೆಯ ಸುತ್ತಳತೆ 44 ಸೆಂಟಿಮೀಟರ್ ಮೀರಬಾರದು. ಅಳತೆ ಪಟ್ಟಿಯನ್ನು ಕೈಯಲ್ಲಿ ಹಿಡಿದು ಇಪ್ಪತ್ತೆರಡು ಸೆಂಟಿಮೀಟರ್ ಎಷ್ಟೆಂದು ಒಮ್ಮೆ ನೋಡಿರಿ. ನಮ್ಮ ಪೇಟೆಯ ಬ್ಲೈಂಡುಗಳ ಸರಪಣಿ ಎಷ್ಟು ಉದ್ದವೆಂಬುದು ಆಗ ಮನವರಿಕೆಯಾಗುವುದು.

ದಾರವಲ್ಲದೆ ಇನ್ನೊಂದು ಸಂಗತಿಯೂ ಉಂಟು. ಅಗ್ಗದ ವಿನೈಲ್ ಬ್ಲೈಂಡುಗಳ ಪ್ಲಾಸ್ಟಿಕ್ಕಿನಲ್ಲಿ ಸೀಸ ಬೆರೆತಿದ್ದು, ಬಿಸಿಲಿಗೆ ಶಿಥಿಲವಾಗಿ ಧೂಳಾಗಿ ಉದುರುವುದನ್ನು ಅಮೆರಿಕದ ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗವು 1996ರಲ್ಲಿಯೇ ಎಚ್ಚರಿಸಿತ್ತು. ವಿನೈಲ್ ಸರಕು ತರಿಸುವವರು ಸೀಸರಹಿತವೆಂಬ ಲಿಖಿತ ಪ್ರಮಾಣಪತ್ರವನ್ನು ಕೇಳಿ ಪಡೆಯತಕ್ಕದ್ದು.

ಶಿಶುವಿಗೆ ಪ್ರತ್ಯೇಕ ಕೋಣೆ ಎಂಬುದು ನಮ್ಮ ಮನೆಗಳಲ್ಲಿ ವಿರಳ. ಮಗು ನಾಲ್ಕೈದು ವರ್ಷದವರೆಗೆ ತಂದೆತಾಯಿಯರ ಕೋಣೆಯಲ್ಲೋ ಅಜ್ಜಿಯ ಪಕ್ಕದಲ್ಲೋ ಮಲಗುತ್ತದೆ. ಬೇಸಿಗೆಯಲ್ಲಿ ಗಾಳಿಗೆಂದು ತೊಟ್ಟಿಲನ್ನು ಕಿಟಕಿಯ ಬಳಿಗೇ ಎಳೆಯುತ್ತೇವೆ. ದಿವಾನ ಇರುವುದೂ ಕಿಟಕಿಯ ಕೆಳಗೆ, ಏರಲು ಕಿಟಕಿಯ ಸರಳುಗಳೇ ಮೆಟ್ಟಿಲು. ಆದುದರಿಂದ ‘ಮಕ್ಕಳ ಕೋಣೆಗೆ ಮಾತ್ರ ದಾರವಿಲ್ಲದ ಬ್ಲೈಂಡ್’ ಎಂಬ ವಿದೇಶಿ ಕ್ಯಾಟಲಾಗಿನ ವಿಂಗಡಣೆ ಇಲ್ಲಿ ಸಲ್ಲದು. ಮಕ್ಕಳಿರುವ, ಅಥವಾ ಮೊಮ್ಮಕ್ಕಳು ರಜೆಗೆ ಬಂದು ಹೋಗುವ ಮನೆಯ ಎಲ್ಲ ಮಲಗುವ ಕೋಣೆಗಳಿಗೂ ಒಂದೇ ನಿಯಮವಿರಬೇಕು.

ಈ ಕೋಣೆಗಳಿಗೆ ಹೊಲಿದ ಪರದೆಯೇ ಉತ್ತಮವೆಂಬುದು ಈ ಲೇಖಕನ ಅಭಿಪ್ರಾಯ. ಬ್ಲೈಂಡಿನಲ್ಲಿ ಲಾಭ ಹೆಚ್ಚೆಂದು ಕೆಲವರು ಆಕ್ಷೇಪಿಸಬಹುದು. ಲೆಕ್ಕ ನೋಡೋಣ. ನಾಲ್ಕು ಅಡಿ ಅಗಲದ ಕಿಟಕಿಗೆ, ಬದಿಯಿಂದ ಬೆಳಕು ನುಸುಳದಂತೆ ಎರಡೂ ಕಡೆ ಆರಾರು ಇಂಚು ಹೆಚ್ಚಿಸಿದರೆ ಸರಳು ಐದು ಅಡಿಯಾಗುವುದು. ನೆರಿಗೆ ತುಂಬಿ ಬರಲು ಅದರ ಇಮ್ಮಡಿ, ಅಂದರೆ ಹತ್ತು ಅಡಿ ಬಟ್ಟೆ ಬೇಕು. 48 ಇಂಚು ಅಗಲದ ಬಟ್ಟೆಯಲ್ಲಿ ಇದಕ್ಕೆ ಎರಡಲ್ಲ, ಮೂರು ಪರದೆಗಳಾಗಬೇಕು. ಐದು ಅಡಿ ಉದ್ದಕ್ಕೆ ಮಡಿಕೆ ಸೇರಿ ತಲಾ ಆರು ಅಡಿ ಹಿಡಿದರೆ ಒಟ್ಟು 18 ಅಡಿ, ಸುಮಾರು ಐದೂವರೆ ಮೀಟರ್. ಎರಡೇ ಪರದೆ ಕೊಟ್ಟು ಕಳುಹಿಸಿದ ಗ್ರಾಹಕರು ಬೆಳಕು ಬರುತ್ತದೆಂದು ಮರಳಿ ಬಂದಾಗ ಬ್ಲೈಂಡ್ ಮಾರುವುದಕ್ಕಿಂತ, ಮೊದಲೇ ಮೂರು ಪರದೆ ಮತ್ತು ಅಸ್ತರಿಯನ್ನು ಮಾರುವುದು ಲೇಸಲ್ಲವೇ?

ಹಗಲಿನಲ್ಲಿ ಮಲಗುವ ಶಿಶುವಿಗೆ ನಸುಗತ್ತಲೆ ಸಾಕು. ದಟ್ಟ ನೇಯ್ಗೆಯ ಹತ್ತಿಬಟ್ಟೆಗೆ ಅಸ್ತರಿ ಸೇರಿಸಿದರೆ ಅದು ದೊರೆಯುವುದು. ರಬ್ಬರಿನಂತಹ ಲೇಪನವುಳ್ಳ ಬ್ಲ್ಯಾಕ್‌ಔಟ್ ಬಟ್ಟೆ ರಾತ್ರಿ ಪಾಳಿಯವರ ಕೋಣೆಗೆ ಹೇಳಿಸಿದ್ದು. ಅದನ್ನು ಹಿಂಡಿದರೆ ಲೇಪನ ಬಿರುಕು ಬಿಡುವುದು, ಮಗುವಿನ ಕೋಣೆಯ ಪರದೆಯನ್ನಾದರೋ ಪದೇ ಪದೇ ಒಗೆಯಲೇಬೇಕು. ಅಸ್ತರಿಯನ್ನು ಪ್ರತ್ಯೇಕ ಕೊಕ್ಕೆಗಳಿಂದ ತೂಗಿಸಿದರೆ ಒಗೆಯಲು ಅನುಕೂಲ. ಹತ್ತಿಯನ್ನು ಹೊಲಿಯುವ ಮುನ್ನ ನೆನೆಸಿ ಒಣಗಿಸುವುದನ್ನು ದರ್ಜಿಗೆ ಬಿಡದೆ ಅಂಗಡಿಯವರೇ ಮಾಡಿಸಬೇಕು. ಶೇ. 5ರಷ್ಟು ಕುಗ್ಗಿದರೂ 60 ಇಂಚಿನ ಪರದೆ 3 ಇಂಚು ಮೋಟಾಗಿ, ಹೊಣೆ ನಮ್ಮ ತಲೆಗೇ ಬರುವುದು. ಅಂಚು ನೇರವಾಗಿ ನಿಲ್ಲಲೆಂದು ಸೀಸದ ತೂಕ ಹೊಲಿಸುವ ಪದ್ಧತಿ ಈ ಕೋಣೆಗೆ ಬೇಡ, ಎರಡು ಮಡಿಕೆಯ ಅಗಲ ಅಂಚೇ ಸಾಕು. ಸೊಳ್ಳೆಬತ್ತಿ ಹಚ್ಚುವ ಮನೆಯಾದರೆ ಅದನ್ನು ಪರದೆಯಿಂದ ದೂರವಿಡುವಂತೆ ಹೇಳಿ ಕಳುಹಿಸುವುದು ಒಳ್ಳೆಯದು.

ಬ್ಲೈಂಡೇ ಬೇಕೆನ್ನುವವರಿಗೆ ಸ್ಪ್ರಿಂಗ್ ಕೊಳವೆಯ ದಾರರಹಿತ ರೋಲರನ್ನು ತೋರಿಸಬೇಕು. ಬೆಲೆ ಹೆಚ್ಚೆಂಬ ಕಾರಣಕ್ಕೆ ಸರಪಣಿಯದನ್ನೇ ಆರಿಸಿದರೆ ಹಿಡಿಕೆಯನ್ನು ಗೋಡೆಗೆ ಬಿಗಿಯಲೇಬೇಕು. ಐರೋಪ್ಯ ಮಾನಕ ಇಎನ್ 13120 ಅದನ್ನು ನೆಲದಿಂದ ಕನಿಷ್ಠ ಒಂದೂವರೆ ಮೀಟರ್ ಎತ್ತರದಲ್ಲಿಡಬೇಕೆನ್ನುತ್ತದೆ. ಬಿದಿರಿನ ಚಿಕ್ ಪರದೆ ಹೆಣೆಯುವ ಸಣ್ಣ ತಯಾರಕರಿಗೂ ಒಂದು ಮಾತು. 2009ರಲ್ಲಿ ಹಿಂದಕ್ಕೆ ಹೋದ ಸರಕಿನಲ್ಲಿ ಎರಡು ಬದಿಯ ಹಗ್ಗದ ಕುಣಿಕೆಯಿಂದ ಸುತ್ತಿ ಏರಿಸುವ ಇದೇ ಬಗೆಯ ಬ್ಲೈಂಡುಗಳೂ ಇದ್ದವು. ಜಗಲಿಗೆ ಇವು ನಡೆಯಬಹುದು. ಮಲಗುವ ಕೋಣೆಗಾದರೆ ಹಗ್ಗವನ್ನು ಕೈಬಿಟ್ಟು, ಕೈಯಲ್ಲಿ ಸುತ್ತಿ ಮೇಲ್ಭಾಗದಲ್ಲಿ ಬಟ್ಟೆಯ ಗಿಡ್ಡ ಪಟ್ಟಿಯಿಂದ ಗುಂಡಿ ಹಾಕುವಂತೆ ರೂಪಿಸಿದರೆ ಖರ್ಚೂ ಕಡಿಮೆ, ರಫ್ತಿನ ಬಾಗಿಲೂ ಮುಚ್ಚದು.

ನಮ್ಮ ಅಂಗಡಿಯ ಆರ್ಡರ್ ಪುಸ್ತಕದಲ್ಲಿ ಈಗ ಅಗಲ, ಉದ್ದ, ಬಟ್ಟೆಯ ನಂಬರುಗಳ ಪಕ್ಕದಲ್ಲಿ ‘ಮಲಗುವವರು’ ಎಂಬ ಒಂದು ಅಂಕಣವಿದೆ. ಮಗು ಎಂದು ಬರೆದಿದ್ದರೆ, ತೊಟ್ಟಿಲು ಮತ್ತು ಮಂಚವನ್ನು ಕಿಟಕಿಯಿಂದ ದೂರ ಸರಿಸಿರೆಂದು ಅಳತೆಗೆ ಹೋದವನೇ ಮನೆಯವರಿಗೆ ಹೇಳಿ ಬರುತ್ತಾನೆ. ಸರಪಣಿಯ ಬ್ಲೈಂಡ್ ಹೋದ ಮನೆಯಿಂದ, ಗೋಡೆಗೆ ಬಿಗಿದ ಹಿಡಿಕೆಯ ಫೋಟೋ ಬಂದ ಮೇಲೆಯೇ ಜೋಡಣೆಯ ಕೂಲಿ ಸಂದಾಯವಾಗುತ್ತದೆ.