ನಿಮಗಿದು ಗೊತ್ತೆ? ಅಭ್ಯಾಸಕ್ಕೆ 21 ದಿನ ಸಾಲದು!

* 21 ದಿನ ಬಿಡದೆ ಮಾಡಿದರೆ ಯಾವುದೇ ಕೆಲಸ ರೂಢಿಯಾಗುತ್ತದೆ ಎಂಬ ಮಾತಿನ ಮೂಲ, ಅಮೆರಿಕದ ಪ್ಲಾಸ್ಟಿಕ್ ಸರ್ಜನ್ ಮ್ಯಾಕ್ಸ್‌ವೆಲ್ ಮಾಲ್ಟ್ಸ್ 1960ರಲ್ಲಿ ಬರೆದ ಪುಸ್ತಕ. ಬದಲಾದ ಮುಖಕ್ಕೆ ಒಗ್ಗಿಕೊಳ್ಳಲು ರೋಗಿಗಳಿಗೆ ‘ಕನಿಷ್ಠ’ 21 ದಿನ ಬೇಕು ಎಂದಿದ್ದರು ಅವರು. ಬಾಯಿಂದ ಬಾಯಿಗೆ ಹರಡುವಾಗ ‘ಕನಿಷ್ಠ’ ಉದುರಿಹೋಯಿತು.

* ಲಂಡನ್‌ನ ಯೂನಿವರ್ಸಿಟಿ ಕಾಲೇಜಿನ ಫಿಲಿಪ್ಪಾ ಲ್ಯಾಲಿ ತಂಡ, ಒಂದು ಕೆಲಸ ರೂಢಿಯಾಗಲು ಎಷ್ಟು ದಿನ ಬೇಕೆಂದು ತಿಳಿಯಲು 96 ಮಂದಿಯನ್ನು 12 ವಾರ ಅಧ್ಯಯನ ಮಾಡಿತು. ಮಧ್ಯಾಹ್ನದ ಊಟದ ಜೊತೆ ಒಂದು ಹಣ್ಣು, ರಾತ್ರಿಯೂಟಕ್ಕೆ ಮುನ್ನ 15 ನಿಮಿಷ ಓಟ, ಇಂಥ ಪುಟ್ಟ ಗುರಿಗಳು ಅವರವು.

* ರೂಢಿಯಾಗಲು ಸುಮಾರು 66 ದಿನ ಬೇಕಾಯಿತು. ಒಬ್ಬೊಬ್ಬರ ಲೆಕ್ಕ ಬೇರೆ: 12 ವಾರಗಳ ಮಾಹಿತಿಯಿಂದ ಮಾಡಿದ ಅಂದಾಜಿನಂತೆ 18ರಿಂದ 254 ದಿನ.

* ನಡುವೆ ಒಂದು ದಿನ ತಪ್ಪಿದರೂ ಅಭ್ಯಾಸ ಕೆಡಲಿಲ್ಲ. ಹಾಗಾಗಿ ಇಂದು ತಪ್ಪಿತೆಂದು ಕೈಬಿಡಬೇಡಿ, ನಾಳೆ ಮತ್ತೆ ಶುರು ಮಾಡಿ.